ಗೆರೆ ದಾಟಿ ನಿಂತು ಹಾಕಿದ ಮತ

ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಮೊದಲ ಸ್ಪರ್ಧೆ ಅರ್ಧ ಶತಮಾನ ಕಾಲ ಅಯೋವಾದಲ್ಲೇ ನಡೆಯಿತು. ಅದರ ಮೂಲ ಹುಡುಕುತ್ತ ಹೋದರೆ ಸಿಗುವುದು ಹೋಟೆಲ್ ಕೋಣೆಗಳ ಕೊರತೆ ಮತ್ತು ನಿಧಾನವಾಗಿ ಸುತ್ತುತ್ತಿದ್ದ ಒಂದು ಸೈಕ್ಲೋಸ್ಟೈಲ್ ಯಂತ್ರ. 1968ರಲ್ಲಿ ಶಿಕಾಗೊ ಬೀದಿಗಳಲ್ಲಿ ಪೊಲೀಸರು ವಿಯೆಟ್ನಾಂ ಯುದ್ಧ ವಿರೋಧಿಗಳನ್ನು ಬಡಿಯುತ್ತಿದ್ದರು. ಅದೇ ಹೊತ್ತಿಗೆ ಸಮಾವೇಶದ ಒಳಗೆ ಡೆಮಾಕ್ರಾಟಿಕ್ ಪಕ್ಷದ ದೊಡ್ಡವರು, ಅಭ್ಯರ್ಥಿ ಆಯ್ಕೆಯ ರಾಜ್ಯಮಟ್ಟದ ಚುನಾವಣೆಗಳಾದ ಪ್ರೈಮರಿಗಳಲ್ಲಿ ಸ್ಪರ್ಧಿಸದೇ ಇದ್ದ ಹ್ಯೂಬರ್ಟ್ ಹಂಫ್ರಿಯನ್ನು ಅಭ್ಯರ್ಥಿ ಮಾಡಿದರು. ಕಾರ್ಯಕರ್ತರ ಸಿಟ್ಟಿಗೆ ಮಣಿದು ಪಕ್ಷ ನಿಯಮ ಬದಲಿಸಿತು. ಅಯೋವಾದಲ್ಲಿ ಪ್ರೆಸಿಂಕ್ಟ್ (ಒಂದು ಮತಗಟ್ಟೆಯ ವ್ಯಾಪ್ತಿ), ಕೌಂಟಿ, ಜಿಲ್ಲೆ, ರಾಜ್ಯ ಎಂದು ನಾಲ್ಕು ಮೆಟ್ಟಿಲುಗಳ ಸಭೆ ಮೊದಲಿನಿಂದಲೂ ಇತ್ತು. ಈಗ ಒಂದೊಂದು ಮೆಟ್ಟಿಲಿನ ನಡುವೆ ತಿಂಗಳ ಅಂತರ ಬೇಕಾಯಿತು, ಕಾಗದಪತ್ರಗಳೆಲ್ಲ ಅಷ್ಟರೊಳಗೆ ಆ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಅಚ್ಚಾಗಬೇಕಾಯಿತು. ರಾಜಧಾನಿ ಡಿ ಮೊಯಿನ್‌ನಲ್ಲಿ ಬೇಕಾದಷ್ಟು ಕೋಣೆ ಸಿಗದೆ ರಾಜ್ಯ ಸಮಾವೇಶ ಮೇ ತಿಂಗಳಿಗೆ ಬಂತು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಕಾಕಸ್ ಎಂದು ಕರೆಯುವ ಮೊದಲ ಸಭೆ 1972ರ ಜನವರಿ 24ಕ್ಕೆ ಬಿತ್ತು. ಹೀಗೆ ಯಾರೂ ಬಯಸದೆ ಇಡೀ ದೇಶದಲ್ಲಿ ಅಯೋವಾವೇ ಮೊದಲಾಯಿತು.

ಆ ರಾತ್ರಿ ಗೆದ್ದದ್ದು ಯಾವ ಅಭ್ಯರ್ಥಿಯೂ ಅಲ್ಲ. ಎಡ್ಮಂಡ್ ಮಸ್ಕಿಗಿಂತ ಕೂದಲೆಳೆಯಷ್ಟು ಮುಂದೆ ಇದ್ದದ್ದು 'ಇನ್ನೂ ತೀರ್ಮಾನಿಸಿಲ್ಲ' ಎಂದವರ ಗುಂಪು. 1976ರಲ್ಲೂ ಅದೇ ಗುಂಪು ಸುಮಾರು ಶೇ 37 ಪಡೆದು ಮೊದಲಾಯಿತು. ಜಿಮ್ಮಿ ಕಾರ್ಟರ್‌ಗೆ ಸಿಕ್ಕಿದ್ದು ಸುಮಾರು ಶೇ 28. ಜಾರ್ಜಿಯಾದ ಈ ಕಡಲೆಕಾಯಿ ಬೆಳೆಗಾರ ವರ್ಷದ ಹಿಂದಿನಿಂದಲೇ ಅಯೋವಾದ ಸಣ್ಣ ಊರುಗಳನ್ನು ಸುತ್ತಿ, ಬೆಂಬಲಿಗರ ಮನೆಗಳಲ್ಲೇ ರಾತ್ರಿ ಮಲಗಿ ಹೋಗಿದ್ದರು. ಪತ್ರಿಕೆಗಳು ಅವರನ್ನೇ ಗೆದ್ದವರೆಂದು ಸಾರಿದವು. ಆಗಿನಿಂದ ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷರಾಗಬಯಸುವ ಹೆಚ್ಚಿನವರು ಈ ಮೆಕ್ಕೆಜೋಳದ ನಾಡಿಗೆ ಬಂದು ರೈತರ ಅಡುಗೆಮನೆಗಳಲ್ಲಿ ಕಾಫಿ ಕುಡಿಯತೊಡಗಿದರು. ಅಲ್ಲಿ ಹೆಚ್ಚು ಗೌರವ ಸಿಗಬೇಕಾದದ್ದು ತೀರ್ಮಾನಿಸದೆ ಬಂದ ಆ ಜನಕ್ಕೆ ಎಂದು ನನ್ನ ಭಾವನೆ. ಕೇಳಿ ನೋಡಿ ಆಮೇಲೆ ಹೇಳುತ್ತೇನೆ ಎನ್ನುವ ಮತದಾರನಿಗಾಗಿಯೇ ಇದ್ದ ಪದ್ಧತಿ ಅದು.

ನಾನು ತಿಪಟೂರಿನವಳು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಯಾರಿಗೆ ಓಟು ಹಾಕಿದಿರಿ ಎಂದು ಅಮ್ಮ ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಮಂಡಿ ಸಾಹುಕಾರರ ಕಿವಿಗೆ ಬಿದ್ದರೆ ಕೆಲಸಕ್ಕೇ ಸಂಚಕಾರ ಎಂಬುದು ಅವರಿಗೆ ಗೊತ್ತಿತ್ತು. ಅಂಥ ಮನೆಯಲ್ಲಿ ಬೆಳೆದ ನಾನು ಮದುವೆಯಾಗಿ ಸೀಡರ್ ರ‍್ಯಾಪಿಡ್ಸ್‌ಗೆ ಬಂದೆ. 2008ರ ಜನವರಿ 3ರ ಕೊರೆಯುವ ಚಳಿಯಲ್ಲಿ, ನಮ್ಮ ಬೀದಿಯ ಶಾಲೆಯ ಜಿಮ್ನೇಷಿಯಂನಲ್ಲಿ ಜನ ಎಲ್ಲರೆದುರು ಎದ್ದು ನಡೆದು ತಮ್ಮ ಅಭ್ಯರ್ಥಿಯ ಮೂಲೆಯಲ್ಲಿ ನಿಲ್ಲುವುದನ್ನು ನೋಡಿದಾಗ ನನಗೆ ಎದೆ ಧಸಕ್ಕೆಂದಿತು. ನಾನಿನ್ನೂ ಇಲ್ಲಿನ ಪ್ರಜೆಯಾಗಿರಲಿಲ್ಲ. ವೀಕ್ಷಕರ ಸಾಲಿನಲ್ಲಿ ಕೂತಿದ್ದೆ.

ಡೆಮಾಕ್ರಾಟರ ನಿಯಮ ಹೀಗಿತ್ತು. ಸಾಮಾನ್ಯವಾಗಿ ಒಬ್ಬ ಅಭ್ಯರ್ಥಿಯ ಗುಂಪಿನಲ್ಲಿ ಸಭೆಗೆ ಬಂದವರ ಶೇ 15ರಷ್ಟು ಜನ ಇರಲೇಬೇಕು. ಇನ್ನೂರು ಜನ ಬಂದರೆ ಮೂವತ್ತು. ಅಷ್ಟಿಲ್ಲದ ಗುಂಪು ಒಡೆಯಬೇಕು. ಅದರವರು ಬೇರೆ ಮೂಲೆಗೆ ಹೋಗಬಹುದು, ಇನ್ನೊಂದು ಸಣ್ಣ ಗುಂಪಿನ ಜೊತೆ ಸೇರಬಹುದು, ಇಲ್ಲವೇ ಮನೆಗೆ ಹೊರಡಬಹುದು. ನಿಜವಾದ ವಾದ ಶುರುವಾಗುತ್ತಿದ್ದದ್ದೇ ಆಗ. ಆ ರಾತ್ರಿ ಜೋ ಬೈಡನ್ ಮೂಲೆಯಲ್ಲಿ ಬೆರಳೆಣಿಕೆಯ ಜನರಿದ್ದರು. ಅವರಲ್ಲಿ ನಮ್ಮ ಬೀದಿಯ ನಿವೃತ್ತ ಮೇಷ್ಟರೊಬ್ಬರು. ಅವರ ಸುತ್ತ ಮೂರು ಕಡೆಯವರು ಬಂದು ನಿಂತರು. ಹಿಲರಿ ಕ್ಲಿಂಟನ್ ಕಡೆಯ ನರ್ಸೊಬ್ಬರು ವಿಮೆ ಎಲ್ಲರಿಗೂ ಕಡ್ಡಾಯವಾಗದಿದ್ದರೆ ಅದರ ಖರ್ಚು ಇಳಿಯುವುದಿಲ್ಲ ಎಂದು ಆಸ್ಪತ್ರೆಯ ಲೆಕ್ಕ ಹೇಳಿದರು. ಜಾನ್ ಎಡ್ವರ್ಡ್ಸ್ ಕಡೆಯ ಕಾರ್ಮಿಕ ಮುಚ್ಚುತ್ತಿರುವ ಕಾರ್ಖಾನೆಗಳ ಮಾತೆತ್ತಿದ. ಬರಾಕ್ ಒಬಾಮ ಕಡೆಯ ಹುಡುಗಿ ಇರಾಕ್ ಯುದ್ಧ ಬೇಡವೆಂದು ಮೊದಲೇ ಹೇಳಿದವರು ಯಾರು ಎಂದು ಕೇಳಿದಳು. ಅಯೋವಾ ನ್ಯಾಷನಲ್ ಗಾರ್ಡ್‌ನ ತುಕಡಿಯೊಂದು ತುಂಬ ದೀರ್ಘ ಕಾಲ ಇರಾಕಿನಲ್ಲಿದ್ದು 2007ರ ಬೇಸಿಗೆಯಲ್ಲಷ್ಟೇ ವಾಪಸು ಬಂದಿತ್ತು. ಮೇಷ್ಟರು ಎದುರು ಪ್ರಶ್ನೆ ಹಾಕಿದರು: ಇರಾಕಿನಿಂದ ಹೊರಗೆ ಬರುವುದು ಹೇಗೆ ಎಂದು ನಿಮ್ಮವರು ಹೇಳಿದ್ದಾರೆಯೇ? ಆ ಹುಡುಗಿ ತನಗೆ ತಿಳಿದಷ್ಟು ಹೇಳಿದಳು, ತಿಳಿಯದ್ದನ್ನು ಗೊತ್ತಿಲ್ಲ ಎಂದಳು. ಮೇಷ್ಟರು ಅವಳ ಕಡೆಗೆ ನಡೆದರು. ಜಾಹೀರಾತು, ಟಿವಿ ಚರ್ಚೆ ಯಾವುದೂ ಮಾಡದ ಕೆಲಸವನ್ನು ಒಂದು ಪ್ರಾಮಾಣಿಕ ಉತ್ತರ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ.

ಆ ವರ್ಷ ಡೆಮಾಕ್ರಾಟರ ಸಭೆಗಳಿಗೆ ಬಂದವರು ಸುಮಾರು 2,40,000. ನಾಲ್ಕು ವರ್ಷದ ಹಿಂದಿನದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ. ಜನಸಂಖ್ಯೆಯ ಬಹುಪಾಲು ಬಿಳಿಯರೇ ಇರುವ ರಾಜ್ಯದಲ್ಲಿ ಒಬಾಮ ಸುಮಾರು ಶೇ 38 ಪಡೆದು ಗೆದ್ದರು. ಬೈಡನ್ ಅಂದೇ ಕಣದಿಂದ ಸರಿದರು.

2016ರಲ್ಲಿ ನಾನೂ ಪ್ರಜೆಯಾಗಿ ಹೋದೆ. ನವೆಂಬರ್ ಚುನಾವಣೆಯ ಹೊತ್ತಿಗೆ 18 ತುಂಬುವವರಿಗೂ ಕಾಕಸ್‌ನಲ್ಲಿ ಅವಕಾಶವಿದ್ದದ್ದರಿಂದ ಮಗಳೂ ಬಂದಳು. ನಾನು ಹಿಲರಿ ಕಡೆ, ಅವಳು ಬರ್ನಿ ಸ್ಯಾಂಡರ್ಸ್ ಕಡೆ. ಕಾರಿನಲ್ಲೇ ಜಗಳ. "ಅಮ್ಮಾ, ನೀನು ಓದಿದಾಗ ಕಾಲೇಜಿಗೆ ಎಷ್ಟು ಸಾಲ ಮಾಡಿದ್ದೆ ಹೇಳು" ಎಂದಳು. ತಿಪಟೂರಿನ ಕಲ್ಪತರು ಕಾಲೇಜಿನ ಫೀಸು ನೆನೆದು ಸುಮ್ಮನಾದೆ. ಆದರೂ ಸೆನೆಟ್ಟಿನಲ್ಲಿ ಮಸೂದೆ ಪಾಸು ಮಾಡಿಸುವ ಬಲ ಯಾರಿಗಿದೆ ಎಂಬ ನನ್ನ ಪ್ರಶ್ನೆ ಹಾಗೇ ಉಳಿದಿತ್ತು. ಅದನ್ನು ಎಲ್ಲರೆದುರು ಇಂಗ್ಲಿಷಿನಲ್ಲಿ ಕೇಳಿದ್ದು, ಅದಕ್ಕೆ ಜನ ಕಿವಿಗೊಟ್ಟದ್ದು ನನ್ನ ಬದುಕಿನ ಹೆಮ್ಮೆಗಳಲ್ಲೊಂದು. ರಾಜ್ಯದಲ್ಲಿ ಹಿಲರಿ ಗೆದ್ದದ್ದು ಶೇ 1ಕ್ಕೂ ಕಡಿಮೆ ಅಂತರದಲ್ಲಿ.

ಆದರೆ ಅಪ್ಪನ ಮೌನವನ್ನು ಮರೆಯುವಂತಿಲ್ಲ. ಮೇಲಧಿಕಾರಿ ಎದುರಿನ ಮೂಲೆಯಲ್ಲಿ ನಿಂತಿದ್ದರೆ ಕೆಳಗಿನವನು ಧೈರ್ಯವಾಗಿ ಗೆರೆ ದಾಟುತ್ತಾನೆಯೇ? ಸಂಜೆ ಏಳಕ್ಕೆ ಶುರುವಾಗುವ ಸಭೆಗೆ ರಾತ್ರಿ ಪಾಳಿಯವರು, ಕೈಗೂಸಿನ ತಾಯಂದಿರು, ಗಾಲಿಕುರ್ಚಿಯವರು ಹೇಗೆ ಬರಬೇಕು? 2020ರಲ್ಲಿ ಪಕ್ಷ ಇದಕ್ಕೆ ಉತ್ತರ ಹುಡುಕಿತು. ಒಟ್ಟಮ್ವಾ ಊರಿನ ಹಂದಿಮಾಂಸದ ಕಾರ್ಖಾನೆಯ ಕಾರ್ಮಿಕರು, ಇಥಿಯೋಪಿಯಾದಿಂದ ಬಂದವರು ಅವರಲ್ಲಿ ಹಲವರು, ಪಾಳಿಗೆ ಹೋಗುವ ಮುಂಚೆ ಮಧ್ಯಾಹ್ನವೇ ಯೂನಿಯನ್ ಹಾಲ್‌ನಲ್ಲಿ ಸೇರಿದರು. ಪ್ಯಾರಿಸ್, ಗ್ಲಾಸ್ಗೊಗಳಲ್ಲೂ ಅಯೋವಾದವರ ಸಭೆ ನಡೆಯಿತು. ಅಂಥ ಒಳ್ಳೆಯ ಆರಂಭವನ್ನು ಹಾಳು ಮಾಡಿದ್ದು ಎಣಿಕೆ. ಫಲಿತಾಂಶ ಕಳಿಸುವ ಮೊಬೈಲ್ ಆ್ಯಪ್ ಕೈಕೊಟ್ಟಿತು, ಫೋನ್ ಸಾಲುಗಳು ತುಂಬಿಹೋದವು, ಲೆಕ್ಕ ದಿನಗಟ್ಟಲೆ ಎಳೆಯಿತು. 2012ರಲ್ಲಿ ರಿಪಬ್ಲಿಕನ್ನರಿಗೂ ಹೀಗೆ ಆಗಿತ್ತು: ಮಿಟ್ ರಾಮ್ನಿ 8 ಮತಗಳಿಂದ ಗೆದ್ದರೆಂದು ಸಾರಿ, ಎರಡು ವಾರದ ಮೇಲೆ ರಿಕ್ ಸ್ಯಾಂಟೊರಮ್ 34 ಮತ ಮುಂದಿದ್ದಾರೆ ಎಂದರು.

2023ರ ಫೆಬ್ರುವರಿಯಲ್ಲಿ ಡೆಮಾಕ್ರಾಟಿಕ್ ಪಕ್ಷ ಮೊದಲ ಸ್ಥಾನವನ್ನು ಸೌತ್ ಕ್ಯಾರೊಲಿನಾಕ್ಕೆ ಕೊಟ್ಟಿತು. 2024ರಲ್ಲಿ ಅಯೋವಾ ಡೆಮಾಕ್ರಾಟರು ಅಭ್ಯರ್ಥಿಯ ಆಯ್ಕೆಯನ್ನು ಅಂಚೆ ಕಾರ್ಡುಗಳಲ್ಲಿ ಮುಗಿಸಿದರು. ಜನವರಿಯ ಸಭೆಯೇನೋ ಸೇರಿತು. ಅಲ್ಲಿ ಪಕ್ಷದ ಒಳಗಿನ ಕೆಲಸಗಳಷ್ಟೇ ನಡೆದವು. ಅದೇ ರಾತ್ರಿ, ಮೈನಸ್ 18 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿನ ಚಳಿಯಲ್ಲಿ, ಸುಮಾರು 1,10,000 ರಿಪಬ್ಲಿಕನ್ನರು ಸೇರಿದರು. ಅವರಲ್ಲಿ ಅಭ್ಯರ್ಥಿಯ ಪರವಾಗಿ ಯಾರಾದರೂ ಎದ್ದು ಮಾತಾಡುತ್ತಾರೆ, ಆಮೇಲೆ ಎಲ್ಲರೂ ಚೀಟಿಯಲ್ಲಿ ಗುಟ್ಟಾಗಿ ಹೆಸರು ಬರೆಯುತ್ತಾರೆ. ನಾನು ಆ ಪಕ್ಷದವಳಲ್ಲ. ಆದರೂ ಈ ಒಂದು ವಿಷಯದಲ್ಲಿ ಅವರ ದಾರಿಯೇ ಸರಿ ಎನ್ನುತ್ತೇನೆ. ವಾದ ಬಹಿರಂಗ, ಮತ ಗುಟ್ಟು. ನನ್ನ ಪಕ್ಷ ಮತವನ್ನು ಅಂಚೆಗೆ ಹಾಕಹೋಗಿ ವಾದವನ್ನೇ ಕೈಬಿಟ್ಟಿತು.

ಅಯೋವಾದ ಕನ್ನಡಿಗರಲ್ಲಿ ಒಂದು ವಿನಂತಿ. ನಿಮ್ಮ ಪಕ್ಷ ಯಾವುದೇ ಇರಲಿ, ಪ್ರೆಸಿಂಕ್ಟ್ ಸಭೆಗಳಿಗೆ ಹೋಗಿ. ಅಲ್ಲಿ ಆ ಪಕ್ಷದಲ್ಲಿ ನೋಂದಾಯಿಸಿದ ಮತದಾರರು ಯಾರು ಬೇಕಾದರೂ ನಿರ್ಣಯ ಮಂಡಿಸಬಹುದು. ಅಭ್ಯರ್ಥಿಗಳ ಚರ್ಚೆ ಆ ಕೋಣೆಗೆ ಮರಳಲಿ, ಮತ ಚೀಟಿಯಲ್ಲಿ ಬೀಳಲಿ, ಪಾಳಿಯವರಿಗೆ ಮಧ್ಯಾಹ್ನವೂ ಸಭೆಯಿರಲಿ ಎಂದು ಬರೆದು ಮಂಡಿಸಿ. ನಾನು ಬರೆದಿಟ್ಟಿದ್ದೇನೆ. ಅನುಮೋದಿಸಲು ಜನ ಬೇಕು.