ಹಿಸ್ಪಾನಿಕ್ ಎಂಬ ಗಣನೆಯೂ ಮಿಶ್ರವಂಶದ ವಿದ್ಯಾರ್ಥಿಯೂ

ಅಮೆರಿಕ ಸಂಯುಕ್ತ ಸಂಸ್ಥಾನದ ಕಾಲೇಜುಗಳಿಗೆ ಪ್ರವೇಶ ಬಯಸುವವನ ಅರ್ಜಿಯಲ್ಲಿ, ಅವನು ಹಿಸ್ಪಾನಿಕ್ ಮೂಲದವನೇ ಅಲ್ಲವೇ ಎಂಬ ಪ್ರಶ್ನೆಯೊಂದು ಬಹುಕಾಲದಿಂದ ಇದೆ. ಉತ್ತರಿಸುವುದು ಅವನ ಇಚ್ಛೆಗೆ ಬಿಟ್ಟದ್ದು. ಅಜ್ಜಿಯೊಬ್ಬಳು ಮಾತ್ರ ಮೆಕ್ಸಿಕೋದವಳಾಗಿ, ಉಳಿದ ಹಿರಿಯರೆಲ್ಲ ಅನ್ಯದೇಶೀಯರಾಗಿದ್ದರೆ ಅವನು ಏನೆಂದು ಬರೆಯಬೇಕು? ಎಷ್ಟು ಪಾಲು ರಕ್ತವಿದ್ದರೆ ಸಾಕು? ಈ ಸಂದೇಹ ಸಹಜವೇ ಸರಿ. ಆದರೆ ಆ ವರ್ಗದ ಚರಿತ್ರೆಯನ್ನು ಅವಲೋಕಿಸಿದರೆ, ಮಿಶ್ರವಂಶದವನ ಸ್ಥಾನವನ್ನು ನಿರ್ಣಯಿಸಿದ್ದು ಅವನ ಹಿರಿಯರಿಗಿಂತ ಹೆಚ್ಚಾಗಿ ಆಯಾ ಕಾಲದ ಎಣಿಕೆಯ ನಿಯಮಗಳೇ ಎಂಬುದು ವಿದಿತವಾಗುತ್ತದೆ.

1848ರ ಗುವಾಡಲೂಪೆ ಹಿಡಾಲ್ಗೊ ಕೌಲಿನಿಂದ ಮೆಕ್ಸಿಕೋದ ವಿಶಾಲ ಭೂಭಾಗವು ಸಂಯುಕ್ತ ಸಂಸ್ಥಾನಕ್ಕೆ ಸೇರಿತು. ಅಲ್ಲಿಯೇ ಉಳಿದವರಿಗೆ ಪೌರತ್ವದ ಭರವಸೆ ದೊರೆಯಿತು. ಕಾಗದದ ಮೇಲೆ ಅವರು ಬಿಳಿಯರು, ವ್ಯವಹಾರದಲ್ಲಿ ಹಾಗಿರಲಿಲ್ಲ. 1930ರ ಜನಗಣತಿಯು ‘ಮೆಕ್ಸಿಕನ್’ ಎಂಬುದನ್ನು ಪ್ರತ್ಯೇಕ ಜನಾಂಗವಾಗಿ ಬರೆಯಿತು. ಮೆಕ್ಸಿಕೋ ಸರ್ಕಾರವೂ ಮೆಕ್ಸಿಕನ್ ಅಮೆರಿಕನರ ಸಂಘಗಳೂ ಇದನ್ನು ಪ್ರತಿಭಟಿಸಿದ್ದರಿಂದ 1940ರಲ್ಲಿ ಆ ಜನಾಂಗವು ಪಟ್ಟಿಯಿಂದ ಮಾಯವಾಯಿತು!

ಇಲ್ಲಿ ನಮ್ಮ ದೇಶದವರಿಗೆ ಸಂಬಂಧಿಸಿದ ಒಂದು ಪ್ರಸಂಗವು ವಿಶೇಷವಾಗಿ ಗಮನಾರ್ಹವಾಗಿದೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪಂಜಾಬಿನಿಂದ ಹೋಗಿ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯಕ್ಕೆ ನಿಂತ ಗಂಡಸರಿಗೆ ಸ್ವದೇಶದಿಂದ ಹೆಂಡತಿಯರನ್ನು ಕರೆಸಿಕೊಳ್ಳುವುದು ವಲಸೆಯ ಕಾನೂನುಗಳಿಂದ ದುಸ್ಸಾಧ್ಯವಾಯಿತು. ಬಿಳಿಯ ಸ್ತ್ರೀಯರನ್ನು ವರಿಸಲು ಆ ಸಂಸ್ಥಾನದ ವಿವಾಹಶಾಸನವು ಅಡ್ಡಬಂದಿತು. ಅನೇಕರು ಮೆಕ್ಸಿಕನ್ ಸ್ತ್ರೀಯರನ್ನು ಮದುವೆಯಾದರು. ಕ್ಯಾರೆನ್ ಲೆನರ್ಡ್ ಅವರು 1992ರ ತಮ್ಮ ಗ್ರಂಥದಲ್ಲಿ ಈ ಕುಟುಂಬಗಳ ಕಥೆಯನ್ನು ಸವಿಸ್ತಾರವಾಗಿ ನಿರೂಪಿಸಿದ್ದಾರೆ. ಮಕ್ಕಳು ಮನೆಯಲ್ಲಿ ಬಹುಮಟ್ಟಿಗೆ ತಾಯಿಯ ಸ್ಪಾನಿಷ್ ನುಡಿಯನ್ನಾಡಿ, ಹಲವರು ಕ್ಯಾಥೊಲಿಕರಾಗಿ ಬೆಳೆದರು. ಉಪನಾಮ ಮಾತ್ರ ಸಿಂಗ್.

ಇವರನ್ನು ಎಣಿಸಿದ ಬಗೆಯನ್ನು ನೋಡೋಣ. ಬಿಳಿಯರಲ್ಲದ ಎರಡು ಜನಾಂಗಗಳ ಮಿಶ್ರಣವಾದರೆ, ಕೆಲವು ಅಪವಾದಗಳನ್ನು ಬಿಟ್ಟು, ತಂದೆಯ ಜನಾಂಗವನ್ನೇ ಬರೆಯಬೇಕೆಂದು 1930ರ ಗಣತಿದಾರರಿಗೆ ಆದೇಶವಿತ್ತು. ಭಾರತೀಯರೆಲ್ಲರಿಗೂ ಆ ಪಟ್ಟಿಯಲ್ಲಿದ್ದ ಹೆಸರು ‘ಹಿಂದು’. ಆದ್ದರಿಂದ ಸಿಖ್ಖ ತಂದೆಗೂ ಕ್ಯಾಥೊಲಿಕ್ ತಾಯಿಗೂ ಹುಟ್ಟಿದ ಮಗು, ನಿಯಮದ ಪ್ರಕಾರ, ಹಿಂದು! ಪುನಃ 1950ರಲ್ಲಿ ನೈರುತ್ಯದ ಐದು ಸಂಸ್ಥಾನಗಳಲ್ಲಿ ಸ್ಪಾನಿಷ್ ಉಪನಾಮದ ಬಿಳಿಯರನ್ನು ಎಣಿಸಿದಾಗ ಸಿಂಗ್ ಎಂಬ ಉಪನಾಮಕ್ಕೆ ಆ ಲೆಕ್ಕದಲ್ಲಿ ಎಡೆಯಿರಲಿಲ್ಲ.

ಸ್ಪಾನಿಷ್ ಮೂಲದವರ ಅಂಕಿ ಅಂಶಗಳನ್ನು ಸಂಗ್ರಹಿಸಬೇಕೆಂದು 1976ರಲ್ಲಿ ಕಾಂಗ್ರೆಸ್ಸು ಶಾಸನ ಮಾಡಿತು. ಮರುವರ್ಷ ಹೊರಟ ಹದಿನೈದನೆಯ ನಿರ್ದೇಶವು, ಮೆಕ್ಸಿಕೋ, ಪೋರ್ಟೊ ರಿಕೊ, ಕ್ಯೂಬಾ, ಮಧ್ಯ ಅಥವಾ ದಕ್ಷಿಣ ಅಮೆರಿಕದ, ಇಲ್ಲವೆ ಇತರ ಸ್ಪಾನಿಷ್ ಸಂಸ್ಕೃತಿಯ ಅಥವಾ ಮೂಲದ ವ್ಯಕ್ತಿಯು, ಜನಾಂಗ ಯಾವುದೇ ಇರಲಿ, ಹಿಸ್ಪಾನಿಕ್ ಎಂದು ವ್ಯಾಖ್ಯಾನಿಸಿತು. ಅರ್ಧವೆಂದಾಗಲಿ ಕಾಲುಪಾಲೆಂದಾಗಲಿ ಅದರಲ್ಲಿ ಹೇಳಿಲ್ಲ. ಕಾಲೇಜ್ ಬೋರ್ಡು ನಡೆಸುತ್ತಿದ್ದ ಹಿಸ್ಪಾನಿಕ್ ವಿದ್ಯಾರ್ಥಿಗಳ ಮನ್ನಣೆಯ ಯೋಜನೆಯು ಕಾಲುಪಾಲಾದರೂ ಇರಬೇಕೆಂದು ವಿಧಿಸಿದ್ದುಂಟು. ಅದು ಆ ಯೋಜನೆಯ ನಿಯಮ, ಸರ್ಕಾರದ್ದಲ್ಲ. ಕಾಲೇಜಿನ ಅರ್ಜಿಯಲ್ಲಿ ವಿದ್ಯಾರ್ಥಿಯ ಸ್ವಂತ ಹೇಳಿಕೆಯೇ ಆಧಾರವಾಯಿತು. ನಮ್ಮ ಅಭಿಪ್ರಾಯದಲ್ಲಿ, ಅಜ್ಜಿಯ ಮೂಲವನ್ನು ತನ್ನ ಮೂಲವೆಂದು ಪ್ರಾಮಾಣಿಕವಾಗಿ ತಿಳಿದ ಮೊಮ್ಮಗನು ‘ಹೌದು’ ಎಂದು ಬರೆದರೆ ಈ ವ್ಯಾಖ್ಯೆಯ ಅಕ್ಷರಕ್ಕೆ ವಿರೋಧವಿಲ್ಲ. ಪ್ರವೇಶದ ಲಾಭಕ್ಕಾಗಿಯೇ ಆ ಅಜ್ಜಿಯನ್ನು ನೆನೆದವನ ಮಾತು ಬೇರೆ.

ಆದರೂ ತೊಡಕು ತೀರಲಿಲ್ಲ. ಶಿಕ್ಷಣ ಇಲಾಖೆ 2007ರಲ್ಲಿ ಪ್ರಕಟಿಸಿದ ಸೂಚನೆಗಳ ಮೇರೆಗೆ, ಹಿಸ್ಪಾನಿಕ್ ಎಂದವನು ಬೇರೆ ಎಷ್ಟು ಜನಾಂಗಗಳನ್ನು ಗುರುತಿಸಿದ್ದರೂ ಸಂಸ್ಥೆಗಳ ವರದಿಯಲ್ಲಿ ಹಿಸ್ಪಾನಿಕ್ ಎಂದು ಮಾತ್ರ ಸೇರುವಂತಾಯಿತು. ಇಂಪೀರಿಯಲ್ ಕಣಿವೆಯ ಆ ಮಗುವಿನ ಲೆಕ್ಕದಲ್ಲಿ 1930ರಲ್ಲಿ ತಾಯಿ ಅಳಿಸಿಹೋಗಿದ್ದಳು; ಅದರ ಮೊಮ್ಮಕ್ಕಳ ಲೆಕ್ಕದಲ್ಲಿ ಪಂಜಾಬಿನ ಮುತ್ತಜ್ಜನು ಅಳಿಸಿಹೋದನು.

2023ರ ಜೂನ್ 29ರಂದು ಹಾರ್ವರ್ಡ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಜನಾಂಗವನ್ನು ಗಣಿಸಿ ಪ್ರವೇಶ ನೀಡುವ ಪದ್ಧತಿಯನ್ನು ತಳ್ಳಿಹಾಕಿತು. ಜನಾಂಗವು ತನ್ನ ಬಾಳನ್ನು ಹೇಗೆ ರೂಪಿಸಿತೆಂದು ಅರ್ಜಿದಾರನು ಪ್ರಬಂಧದಲ್ಲಿ ಬರೆದರೆ ಅದನ್ನು ಪರಿಗಣಿಸಲು ಅಡ್ಡಿಯಿಲ್ಲವೆಂದೂ ತಿಳಿಸಿತು. 2024ರ ಮಾರ್ಚಿಯಲ್ಲಿ ಪರಿಷ್ಕೃತವಾದ ಹದಿನೈದನೆಯ ನಿರ್ದೇಶವು ಜನಾಂಗ ಮತ್ತು ಹಿಸ್ಪಾನಿಕ್ ಮೂಲದ ಎರಡು ಪ್ರಶ್ನೆಗಳನ್ನು ಒಂದಾಗಿಸಿ, ಅನ್ವಯಿಸುವ ಎಲ್ಲವನ್ನೂ ಗುರುತಿಸಲು ಅವಕಾಶ ಕೊಟ್ಟಿತು.