ಬೇಕ್‌ವೆಲ್ಲಿನ ಸಿಹಿ: ಕಥೆ ಮತ್ತು ದಾಖಲೆ

ತಿನ್ನುವ ಪದಾರ್ಥಕ್ಕೂ ಇತಿಹಾಸವಿದೆಯೇ? ಇದೆ. ಆದರೆ ಕೋಟೆ, ಅರಮನೆಗಳಂತೆ ಅದು ಉಳಿದು ಬರುವುದಿಲ್ಲ. ಮಾಡಿದ ದಿನವೇ ತಿಂದು ಮುಗಿಯುತ್ತದೆ. ಆಮೇಲೆ ಉಳಿಯುವುದು ಎರಡೇ: ಬಾಯಿಂದ ಬಾಯಿಗೆ ಬಂದ ಕಥೆ, ಕಾಗದದ ಮೇಲಿನ ಬರಹ. ಇವು ಒಂದಕ್ಕೊಂದು ಹೊಂದದಿದ್ದರೆ ಯಾವುದನ್ನು ನಂಬಬೇಕು? ಇಂಗ್ಲೆಂಡಿನ ಸಣ್ಣ ಊರೊಂದರ ಬೇಕರಿ ತಿನಿಸು ಈ ಪ್ರಶ್ನೆಗೆ ಒಳ್ಳೆಯ ಉದಾಹರಣೆ.

ಡರ್ಬಿಶೈರ್ ಜಿಲ್ಲೆಯಲ್ಲಿ, ವೈ ನದಿಯ ದಂಡೆಯ ಮೇಲಿರುವ ಆ ಊರು ಬೇಕ್‌ವೆಲ್. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 4,000. ಇಂಗ್ಲಿಷ್ ಬಲ್ಲವರಿಗೆ ಈ ಹೆಸರು ‘ಚೆನ್ನಾಗಿ ಬೇಯಿಸು’ ಎಂಬಂತೆ ಕೇಳಿಸುತ್ತದೆ. ಬೇಕರಿಗೆ ಪ್ರಸಿದ್ಧವಾದ ಊರಿಗೆ ತಕ್ಕ ಹೆಸರು ಎನ್ನಿಸುವುದು ಸಹಜ. ಆದರೆ 10ನೆಯ ಶತಮಾನದ ಬರಹದಲ್ಲಿ ಹೆಸರಿನ ರೂಪವೇ ಬೇರೆ. ‘ಬದೆಕ ಎಂಬುವವನ ನೀರಿನ ಬುಗ್ಗೆ’ ಎಂಬುದು ಅದರ ಅರ್ಥ. ಕಿವಿಗೆ ಹಿತವಾದದ್ದೆಲ್ಲ ನಿಜವಲ್ಲ ಎಂಬ ಪಾಠ ಊರ ಬಾಗಿಲಲ್ಲೇ ಸಿಗುತ್ತದೆ.

ಇಲ್ಲಿನ ಬೇಕರಿಗಳಲ್ಲಿ ಎರಡು ಬಗೆಯ ಸಿಹಿಗಳಿವೆ. ಒಂದು ಬೇಕ್‌ವೆಲ್ ಪುಡ್ಡಿಂಗ್. ಪದರ ಪದರವಾದ ಹಿಟ್ಟಿನ ಬಟ್ಟಲು, ತಳದಲ್ಲಿ ಜಾಮ್, ಅದರ ಮೇಲೆ ಮೊಟ್ಟೆ, ಬೆಣ್ಣೆ, ಸಕ್ಕರೆ, ಬಾದಾಮಿಯ ಮಿಶ್ರಣ. ಬೆಂದ ಮೇಲೆ ಅದರ ನಡುಭಾಗ ಮೆತ್ತಗಿರುತ್ತದೆ. ಮೇಲ್ಮೈ ಕಂದಾಗಿ ಏರುಪೇರಾಗಿರುತ್ತದೆ. ಇನ್ನೊಂದು ಬೇಕ್‌ವೆಲ್ ಟಾರ್ಟ್. ಅದರ ಬಟ್ಟಲು ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಜಾಮಿನ ಮೇಲೆ ಬಾದಾಮಿ ಪುಡಿ ಸೇರಿಸಿದ, ಕೇಕಿನಂತಹ ಪದರವಿರುತ್ತದೆ. ಇವೆರಡರಲ್ಲಿ ಪುಡ್ಡಿಂಗ್ ಹಳೆಯದು. ‘ಟಾರ್ಟ್’ ಎಂಬ ಹೆಸರು ವ್ಯಾಪಕವಾಗಿ ಬಳಕೆಗೆ ಬಂದದ್ದು 20ನೆಯ ಶತಮಾನದಲ್ಲಿ. ಒಂದೊಂದು ಚೂರು ಬಾಯಿಗೆ ಹಾಕಿಕೊಂಡರೆ ಸಾಕು, ಇವು ಒಂದೇ ತಿನಿಸಲ್ಲ, ಒಂದೇ ವಂಶದ ಎರಡು ತಲೆಮಾರುಗಳು ಎಂದು ತಿಳಿಯುತ್ತದೆ.

ಮೂಲ ಪಾಕವಿಧಾನ ನಮ್ಮದೇ ಎಂದು ಹೇಳಿಕೊಳ್ಳುವ ಅಂಗಡಿಗಳು ಊರಿನಲ್ಲಿ ಒಂದಕ್ಕಿಂತ ಹೆಚ್ಚಿವೆ. ಅಲ್ಲಿ ಪ್ರವಾಸಿಗರು ಕೇಳುವ ಕಥೆ ಹೀಗಿದೆ: ವೈಟ್ ಹಾರ್ಸ್ ಎಂಬ ವಸತಿಗೃಹವನ್ನು ನಡೆಸುತ್ತಿದ್ದ ಶ್ರೀಮತಿ ಗ್ರೀವ್ಸ್, ಜಾಮ್ ಟಾರ್ಟ್ ಮಾಡುವಂತೆ ಅಡಿಗೆಯವಳಿಗೆ ಹೇಳಿದರು. ಅವಳು ಮೊಟ್ಟೆ, ಬಾದಾಮಿಯ ಮಿಶ್ರಣವನ್ನು ಹಿಟ್ಟಿಗೆ ಸೇರಿಸುವ ಬದಲು ತಪ್ಪಿ ಜಾಮಿನ ಮೇಲೆ ಸುರಿದಳು. ಅತಿಥಿಗಳು ತಿಂದು ಮೆಚ್ಚಿದರು. ಹೊಸ ತಿನಿಸು ಹುಟ್ಟಿತು. ಇದು ನಡೆದದ್ದು 1820ರಲ್ಲಿ ಎಂದು ಕೆಲವರು, 1860ರಲ್ಲಿ ಎಂದು ಕೆಲವರು ಹೇಳುತ್ತಾರೆ.

ಈ ಕಥೆಯನ್ನು ಪ್ರಯೋಗಾಲಯದಲ್ಲಿ ಮಾಡುವಂತೆಯೇ ಪರೀಕ್ಷಿಸೋಣ. ಮೊದಲ ಪ್ರಶ್ನೆ: ಇದು ಸಾಧ್ಯವೇ? ಸಾಧ್ಯ. ಕಾವು ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮೊಟ್ಟೆಯ ಪ್ರೋಟೀನುಗಳು ಸುರುಳಿ ಬಿಚ್ಚಿ, ಒಂದಕ್ಕೊಂದು ಹೆಣೆದುಕೊಳ್ಳತೊಡಗುತ್ತವೆ. ದ್ರವ ಗಟ್ಟಿಯಾಗುತ್ತದೆ. ಸಕ್ಕರೆ ಈ ಕ್ರಿಯೆಯನ್ನು ತಡವಾಗಿಸುವುದರಿಂದ ಮಿಶ್ರಣ ಮೃದುವಾಗಿಯೇ ಉಳಿಯುತ್ತದೆ. ಹಾಗಾಗಿ ಸುರಿದ ಮಿಶ್ರಣ ರುಚಿಯಾದ ಪದರವಾದೀತು.

ಎರಡನೆಯ ಪ್ರಶ್ನೆ: ಸಾಧ್ಯವಾದದ್ದು ನಡೆದಿದೆಯೇ? ಇದಕ್ಕೆ ಉತ್ತರ ಕೊಡಬೇಕಾದದ್ದು ರಸಾಯನಶಾಸ್ತ್ರವಲ್ಲ, ಕಾಲಾನುಕ್ರಮ. ವೈಟ್ ಹಾರ್ಸ್ ವಸತಿಗೃಹವನ್ನು 19ನೆಯ ಶತಮಾನದ ಆರಂಭದಲ್ಲೇ ಕೆಡವಲಾಯಿತು. ಅದರ ಸ್ಥಾನದಲ್ಲಿ 1804ರಲ್ಲಿ ರಟ್ಲೆಂಡ್ ಆರ್ಮ್ಸ್ ಎದ್ದಿತು. ಅಂದಮೇಲೆ 1820ರಲ್ಲಿ ವೈಟ್ ಹಾರ್ಸ್ ಅಡಿಗೆಮನೆಯೇ ಇರಲಿಲ್ಲ. ಇನ್ನು 1860? ಲಂಡನ್ನಿನ ಗೃಹೋಪಯೋಗಿ ಪತ್ರಿಕೆಯೊಂದರಲ್ಲಿ 1836ರಲ್ಲೇ ಬೇಕ್‌ವೆಲ್ ಪುಡ್ಡಿಂಗಿನ ವಿಧಾನ ಅಚ್ಚಾಗಿತ್ತು. 1845ರಲ್ಲಿ ಎಲೈಜಾ ಆ್ಯಕ್ಟನ್ ತಮ್ಮ ಅಡಿಗೆ ಪುಸ್ತಕದಲ್ಲಿ ಅದನ್ನು ಕೊಟ್ಟು, ಡರ್ಬಿಶೈರಿನಲ್ಲಷ್ಟೇ ಅಲ್ಲದೆ ಉತ್ತರದ ಹಲವು ಜಿಲ್ಲೆಗಳಲ್ಲಿಯೂ ಹಬ್ಬದ ದಿನಗಳಲ್ಲಿ ಇದು ರೂಢಿ ಎಂದು ತಿಳಿಸಿದ್ದಾರೆ. ಹಲವು ಜಿಲ್ಲೆಗಳ ಹಬ್ಬದೂಟ ಸೇರಿದ ತಿನಿಸು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅದಕ್ಕೂ ಹಿಂದಕ್ಕೆ ಹೋದರೆ, 18ನೆಯ ಶತಮಾನದ ಇಂಗ್ಲಿಷ್ ಅಡಿಗೆ ಪುಸ್ತಕಗಳಲ್ಲಿ ಹಿಟ್ಟಿನ ಬಟ್ಟಲಲ್ಲಿ ಸಕ್ಕರೆ ಹಣ್ಣುಗಳನ್ನು ಹರಡಿ, ಮೇಲೆ ಮೊಟ್ಟೆ, ಬೆಣ್ಣೆ, ಸಕ್ಕರೆ ಸುರಿದು ಬೇಯಿಸುವ ಪುಡ್ಡಿಂಗು ಸಿಗುತ್ತದೆ. ಕೆಳಗೆ ಹಣ್ಣು, ಮೇಲೆ ಮೊಟ್ಟೆ ಎಂಬ ಕ್ರಮ ಯಾರ ತಪ್ಪಿನಿಂದಲೂ ಹುಟ್ಟಬೇಕಾಗಿರಲಿಲ್ಲ.

ಇಷ್ಟಕ್ಕೂ ಈ ಕಥೆ ಸುಳ್ಳಾದರೆ ನಷ್ಟವೇನು? ಕಥೆಯನ್ನು ಮತ್ತೊಮ್ಮೆ ಓದಿ ನೋಡಿ. ಅದರಲ್ಲಿ ಒಡತಿಗೆ ಹೆಸರಿದೆ, ಅಡಿಗೆಯವಳಿಗೆ ಇಲ್ಲ. ಕೀರ್ತಿ ವಸತಿಗೃಹದ ಪಾಲಾದರೆ, ಅವಳ ಪಾಲಿಗೆ ಬಂದದ್ದು ತಪ್ಪು ಮಾತ್ರ. ಬರಹದ ಸಾಕ್ಷ್ಯವಾದರೋ ಬೇರೆ ಮಾತು ಹೇಳುತ್ತದೆ: ಇದು ತಲೆಮಾರುಗಳ ಕಾಲ ಅನೇಕ ಅಡಿಗೆಮನೆಗಳಲ್ಲಿ, ತಿಳಿದ ಕೈಗಳು ತಿದ್ದುತ್ತ ಬಂದ ವಿದ್ಯೆ. ಆಕಸ್ಮಿಕದ ಕಥೆ ಆ ವಿದ್ಯೆಯನ್ನೇ ಅಳಿಸಿಹಾಕುತ್ತದೆ.

ಹೆಸರು ಅಳಿಸಿಹೋಗುವ ಸಂಕಟ ಆ್ಯಕ್ಟನ್ನರಿಗೂ ತಪ್ಪಲಿಲ್ಲ. ಪ್ರತಿ ಅಡಿಗೆಗೂ ಬೇಕಾದ ಪದಾರ್ಥಗಳ ಪ್ರಮಾಣ ಮತ್ತು ಬೇಯುವ ಸಮಯವನ್ನು ಬೇರೆಯಾಗಿ ಕೊಟ್ಟದ್ದು ಅವರ ದೊಡ್ಡ ಕೊಡುಗೆ. ಯಾರು ಮಾಡಿದರೂ ಅದೇ ಫಲ ಬರಬೇಕೆಂಬ ವಿಜ್ಞಾನದ ನಿಯಮವನ್ನು ಅವರು ಒಲೆಯ ಮುಂದೆ ತಂದರು. ತಮ್ಮ ಬರಹವನ್ನು ಇತರರು ಎತ್ತಿಕೊಳ್ಳುತ್ತಿದ್ದಾರೆಂದು 1855ರ ಆವೃತ್ತಿಯ ಮುನ್ನುಡಿಯಲ್ಲಿ ಅವರು ದೂರಿಕೊಂಡರು. 1859ರಲ್ಲಿ ತೀರಿಕೊಂಡರು. 1861ರಲ್ಲಿ ಪುಸ್ತಕವಾಗಿ ಬಂದು ಮನೆಮಾತಾದ ಇಸಬೆಲ್ಲಾ ಬೀಟನ್ನರ ಗ್ರಂಥದಲ್ಲಿ ಆ್ಯಕ್ಟನ್ನರ ಹಲವು ಅಡಿಗೆಗಳು ಅವರ ಹೆಸರಿಲ್ಲದೆಯೇ ಸೇರಿದ್ದವು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರಿನ ಬೇಕರಿಯಲ್ಲೋ ಮನೆಯಲ್ಲೋ ಹೆಸರುವಾಸಿಯಾದ ಒಂದು ತಿನಿಸು ಇದ್ದೇ ಇರುತ್ತದೆ. ಅದರ ಕಥೆಯನ್ನು ಕೇಳಿ ಬರೆದುಕೊಳ್ಳಿ. ಜೊತೆಗೆ ಮಾಡುವ ವಿಧಾನವನ್ನು ಅಳತೆ ಸಮೇತ ಬರೆಯಿರಿ. ಯಾರಿಂದ ಕಲಿತದ್ದು ಎಂದು ವಿಚಾರಿಸಿ, ಮಾಡುವವರ ಹೆಸರನ್ನೂ ಬರೆಯಿರಿ. ಕೊನೆಯಲ್ಲಿ ತಾರೀಖು ಹಾಕುವುದನ್ನು ಮರೆಯಬೇಡಿ.