ತಾರಸಿಗೆ ಇಳಿದ ತಾರಾಗುಚ್ಛ

ಏಪ್ರಿಲ್ ಮಧ್ಯದ ನಡುರಾತ್ರಿ ಬೆಂಗಳೂರಿನಲ್ಲಿ ದಕ್ಷಿಣಕ್ಕೆ ಮುಖಮಾಡಿ ನಿಂತರೆ ತ್ರಿಶಂಕುವಿನ ಎಡಕ್ಕೆ, ತುಸು ಮೇಲೆ, ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿ ಒಮೆಗಾ ಸೆಂಟಾರಿ ಇರುತ್ತದೆ. ಬೈನಾಕ್ಯುಲರ್‌ಗೆ ಅದು ಅರೆಬರೆ ಒರೆಸಿದ ಸೀಮೆಸುಣ್ಣದ ಗುರುತು. ನಿಜಕ್ಕೆ ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿ ಒಂದು ಕೋಟಿಯಷ್ಟು ನಕ್ಷತ್ರಗಳು ಒತ್ತೊತ್ತಾಗಿ ಸೇರಿದ ಗೋಳಗುಚ್ಛ. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿದ ಎಡ್ಮಂಡ್ ಹ್ಯಾಲಿಗೂ ಕಂಡದ್ದು ಮಸುಕೇ.

ಮನೆಯಂಗಳದಿಂದ ಆಕಾಶದ ಫೋಟೊ ತೆಗೆಯಲು ದಾರಿ ಮಾಡಿದ್ದು ಒಣ ಜೆಲಟಿನ್ ಫಲಕ. ಒದ್ದೆ ಫಲಕ ಕೆಲವೇ ನಿಮಿಷಗಳಲ್ಲಿ ಒಣಗಿ ಕೆಡುತ್ತಿತ್ತು, ಒಣ ಫಲಕ ಗಂಟೆಗಟ್ಟಲೆ ಬೆಳಕು ಕುಡಿಯುತ್ತಿತ್ತು. ಆಂಡ್ರ್ಯೂ ಕಾಮನ್ ಎಂಬ ಎಂಜಿನಿಯರ್ 1883ರಲ್ಲಿ ಇಂಗ್ಲೆಂಡಿನ ಈಲಿಂಗ್‌ನ ತನ್ನ ಮನೆಯ ತೋಟದಿಂದ, 36 ಇಂಚಿನ ದರ್ಪಣದಲ್ಲಿ ಒರಾಯನ್ ನೆಬುಲಾವನ್ನು ಹಿಡಿದಾಗ ದೂರದರ್ಶಕದಲ್ಲೂ ಕಣ್ಣಿಗೆ ಕಾಣದ ತಾರೆಗಳು ಫಲಕದಲ್ಲಿ ಮೂಡಿದವು. ಒಮೆಗಾ ಸೆಂಟಾರಿ ಮಾತ್ರ ಅವನ ತೋಟದಲ್ಲಿ ಹುಟ್ಟುವುದೇ ಇಲ್ಲ! ಅದರ ಫಲಕದ ಮೇಲೆ ಆರು ಸಾವಿರಕ್ಕೂ ಹೆಚ್ಚು ಚುಕ್ಕೆ ಎಣಿಸಿದ್ದು ಪೆರುವಿನ ಅರೆಕ್ವಿಪಾದಲ್ಲಿದ್ದ ಹಾರ್ವರ್ಡ್‌ನ ಸೋಲನ್ ಬೈಲಿ. ಗೋಳಗುಚ್ಛಗಳ ಇಂಥ ಚಿತ್ರಗಳನ್ನು ಇಟ್ಟುಕೊಂಡೇ ಖಗೋಳವಿಜ್ಞಾನಿ ಹಾರ್ಲೋ ಶಾಪ್ಲಿ 1918ರಲ್ಲಿ ಸೂರ್ಯನನ್ನು ಆಕಾಶಗಂಗೆಯ ನಡುವಿನಿಂದ ಎಬ್ಬಿಸಿ ಮೂಲೆಗೆ ಕೂರಿಸಿದರು.

ಫಿಲ್ಮಿನ ಕಾಲ ಹವ್ಯಾಸಿಗಳ ಕುತ್ತಿಗೆ ಹಿಡಿಸಿದ ಕಾಲ. ಐಪೀಸಿಗೆ ಕಣ್ಣಿಟ್ಟು, ಒಂದು ತಾರೆಯನ್ನು ಅಡ್ಡಗೆರೆಗಳ ಸಂಧಿಯಿಂದ ಜಾರದಂತೆ ಗಂಟೆ ಹೊತ್ತು ಕಾಯಬೇಕು. ಎಕ್ಸ್‌ಪೋಷರ್ ಉದ್ದವಾದಂತೆ ಫಿಲ್ಮು ಸೋಮಾರಿಯಾಗುತ್ತಿತ್ತು. ಅದನ್ನು ಚುರುಕುಗೊಳಿಸಲು ಕೊಡಕ್ ಟೆಕ್ನಿಕಲ್ ಪ್ಯಾನ್ ಸುರುಳಿಗಳನ್ನು ಹೈಡ್ರೋಜನ್ ಬೆರೆತ ಅನಿಲದಲ್ಲಿ ಬೇಯಿಸಿದವರಿದ್ದರು.

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಸಿಸಿಡಿ ಎಂಬ ಬೆಳಕು ಹಿಡಿಯುವ ಚಿಪ್ 1990ರ ದಶಕದಲ್ಲಿ ಹವ್ಯಾಸಿಗಳ ಕೈಸೇರಿತು, ಹಿಂದೆಯೇ ಡಿಎಸ್ಎಲ್ಆರ್ ಬಂತು. ಆದರೆ ಆಟ ಬದಲಿಸಿದ್ದು ಪೇರಿಸುವ ತಂತ್ರ. ಒಂದೇ ದೀರ್ಘ ಎಕ್ಸ್‌ಪೋಷರ್ ಬೇಡ, ನೂರು ಚಿಕ್ಕ ಫ್ರೇಮುಗಳನ್ನು ಒಂದರ ಮೇಲೊಂದು ಕೂಡಿಸಿದರೆ ಚಿತ್ರದ ಶುದ್ಧಿ ಹತ್ತು ಪಟ್ಟು. ಗಾಳಿಗೆ ಅಲುಗಿದ ನಾಲ್ಕನ್ನು ಎಸೆದರಾಯಿತು.

ನಗರವಾಸಿಗೆ ಗೋಳಗುಚ್ಛದಷ್ಟು ಒಲಿಯುವ ಗುರಿ ಇನ್ನೊಂದಿಲ್ಲ ಎಂಬುದು ನನ್ನ ಮತ. ನೆಬುಲಾದ ಹರಡಿದ ಬೆಳಕು ಬೀದಿದೀಪದ ಹೊಳಪಿನಲ್ಲಿ ಕರಗಿಹೋಗುತ್ತದೆ, ತಾರೆಯ ಬೆಳಕು ಚುಕ್ಕೆಯಾಗಿ ಉಳಿಯುತ್ತದೆ. ನಮ್ಮ ತೊಡಕು ಬೇರೆ. ಬೆಂಗಳೂರಿನಲ್ಲಿ ಧ್ರುವತಾರೆ ಬರೀ 13 ಡಿಗ್ರಿ ಎತ್ತರದಲ್ಲಿರುವುದರಿಂದ ಪಕ್ಕದ ಮನೆಯ ನೀರಿನ ಟ್ಯಾಂಕು ಅದನ್ನು ಮುಚ್ಚಿಬಿಟ್ಟಿದೆ. ದೂರದರ್ಶಕವನ್ನು ಹೊತ್ತು ತಾರೆಗಳ ಜೊತೆ ತಿರುಗುವ ಮೌಂಟನ್ನು ಅದಕ್ಕೆ ಗುರಿಯಿಟ್ಟು ನಿಲ್ಲಿಸುವ ಸುಖ ನನಗಿಲ್ಲ, ದಕ್ಷಿಣದ ತಾರೆಯೊಂದು ಎತ್ತ ಜಾರುತ್ತದೆಂದು ನೋಡಿ ನೋಡಿ ತಿರುಪು ತಿರುಗಿಸಬೇಕು.

ಫೋಕಸ್ಸಿಗೆ ರಷ್ಯಾದ ಹವ್ಯಾಸಿ ಪಾವೆಲ್ ಬಖ್ತಿನೋವ್ ರೂಪಿಸಿದ ಸೀಳುಗಳ ಮುಚ್ಚಳವಿದೆ. ಅದನ್ನು ಕೊಳವೆಯ ಬಾಯಿಗಿಟ್ಟರೆ ಪ್ರಖರ ತಾರೆಯೊಂದರಿಂದ ಮೂರು ಬೆಳಕಿನ ಗೆರೆ ಏಳುತ್ತವೆ, ನಡುಗೆರೆ ಉಳಿದೆರಡರ ಸಂಧಿಗೆ ಸರಿದಾಗ ಫೋಕಸ್ ಕೂಡಿತು.

2023ರಲ್ಲಿ ಬಂದ ಸೀಸ್ಟಾರ್ ಎಸ್50ಯಂಥ ಸ್ವಯಂಚಾಲಿತ ದೂರದರ್ಶಕಗಳು ಇದನ್ನೆಲ್ಲ ತಾವೇ ಮಾಡಿ ಚಿತ್ರವನ್ನು ಮೊಬೈಲಿಗೆ ಕಳಿಸುತ್ತವೆ. 50 ಮಿ.ಮೀ. ಮಸೂರಕ್ಕೆ ಗುಚ್ಛದ ಅಂಚು ಬಿಡಿಬಿಡಿಯಾಗಿ ದಕ್ಕುತ್ತದೆ, ನಡು ಮಾತ್ರ ಹಿಟ್ಟಿನ ಮುದ್ದೆ. ದೊಡ್ಡ ದೂರದರ್ಶಕದಲ್ಲೂ ಅಂಚಿನ ಮಂಕು ತಾರೆಗಳ ಆಸೆಗೆ ಬಿದ್ದು ಬೆಳಕು ಏರಿಸಿದರೆ ನಡು ಬೆಳ್ಳಗೆ ಸುಟ್ಟುಹೋಗುತ್ತದೆ. ನಾನೀಗ ಅಂಚಿಗೆಂದು 30 ಸೆಕೆಂಡಿನವು, ನಡುವಿಗೆಂದು 5 ಸೆಕೆಂಡಿನವು ಎಂದು ಎರಡು ಬಗೆ ತೆಗೆದು ಬೆಸೆಯುತ್ತೇನೆ. ಬೆಸುಗೆಯ ಗೆರೆ ಕಾಣದಂತೆ ಮಾಡುವುದರಲ್ಲೇ ಮುಂದಿನ ಭಾನುವಾರ ಕಳೆಯುತ್ತದೆ.